ಹಿಡಿಯುವವಳು

ಎಕ್ಸ್‌ರೇ ಕೋಣೆಯಲ್ಲಿ ರೋಗಿಯನ್ನು ಹಿಡಿದುಕೊಳ್ಳಲು ಮದುವೆಯಾದ ವಿದ್ಯಾರ್ಥಿನಿಯನ್ನೇ ಕಳಿಸಬೇಕು. ಹಾಗೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಆದರೆ ಆ ಆಸ್ಪತ್ರೆಯಲ್ಲಿ, ಅದರ ಹಿತ್ತಲಿಗೆ ಅಂಟಿಕೊಂಡಿದ್ದ ನರ್ಸಿಂಗ್ ಶಾಲೆಯಲ್ಲಿ, ಇದು ಎಲ್ಲರಿಗೂ ಗೊತ್ತಿದ್ದ ಮಾತು.

ಮಕ್ಕಳು ಯಂತ್ರದ ಕೆಳಗೆ ಸುಮ್ಮನೆ ಮಲಗುವುದಿಲ್ಲ. ಬುದ್ಧಿ ಮಸುಕಾದ ಮುದುಕರು ನೆಟ್ಟಗೆ ನಿಲ್ಲುವುದಿಲ್ಲ. ಅಲ್ಲಾಡಿದರೆ ಚಿತ್ರ ಕೆಡುತ್ತದೆ. ಯಾರಾದರೂ ಹಿಡಿದುಕೊಳ್ಳಬೇಕು. ಎಕ್ಸ್‌ರೇಯವನು ಹಿಡಿಯುವುದಿಲ್ಲ, ಅವನು ಗೋಡೆಯ ಹಿಂದೆ ನಿಂತು ಗುಂಡಿ ಒತ್ತುವವನು. ಸಂಬಳದ ನರ್ಸುಗಳು ಹಿಡಿಯುವುದಿಲ್ಲ, ಅವರಿಗೆ ಸಂಘವಿದೆ. ಉಳಿದವರು ವಿದ್ಯಾರ್ಥಿನಿಯರು. ಕಲಿಯಲು ಬಂದವರು. ಕಲಿಯಲು ಬಂದವರನ್ನು ಯಾವ ಕೆಲಸಕ್ಕೆ ಬೇಕಾದರೂ ಅಟ್ಟಬಹುದು.

ಹಿಂದೊಮ್ಮೆ ಒಬ್ಬ ಹುಡುಗಿಯ ತಾಯಿ ಬಂದು ಶಾಲೆಯ ಬಾಗಿಲಲ್ಲಿ ನಿಂತು ರಂಪ ಮಾಡಿದ್ದಳಂತೆ. "ಆ ಮಿಷಿನ್ ಮುಂದೆ ನನ್ನ ಮಗಳನ್ನ ನಿಲ್ಲಿಸ್ತೀರಲ್ಲ, ನಾಳೆ ಅವಳಿಗೆ ಮಕ್ಕಳಾಗದೆ ಹೋದ್ರೆ ನಿಮ್ಮನೆಗೆ ಸೊಸೆ ಮಾಡ್ಕೋತೀರಾ?" ಪ್ರಿನ್ಸಿಪಾಲ್ ಮೇಡಂ ಬೆವೆತುಹೋದರು. ಕಿರಣ ತಡೆಯಲು ಮೈಗೆ ಹಾಕಿಕೊಳ್ಳುವ ಸೀಸದ ಏಪ್ರನ್ ಇಡೀ ಆಸ್ಪತ್ರೆಗೆ ಒಂದೇ ಇತ್ತು. ಇನ್ನೊಂದು ತರಿಸುತ್ತೇವೆ ಎಂದು ಮೇಡಂ ಹೇಳಲಿಲ್ಲ. ಇನ್ನು ಮೇಲೆ ಮದುವೆಯಾದವರನ್ನು ಮಾತ್ರ ಕಳಿಸುತ್ತೇವೆ ಎಂದರು. ಆ ತಾಯಿ ಸಮಾಧಾನವಾಗಿ ಮನೆಗೆ ಹೋದಳು. ಮದುವೆಯಾದವರೇ ತಾನೆ ಬಸುರಾಗುವುದು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದವರು ಬಾಯಿ ಬಿಡಲಿಲ್ಲ.

ಬಾಯಿ ಬಿಡದಿರಲು ಕಾರಣ ಇತ್ತು. ಅಲ್ಲಿ ಇನ್ನೊಂದು ನಿಯಮ ಇತ್ತು. ಅದು ಮಾತ್ರ ಬರೆದದ್ದೇ. ಓದುವಾಗ ಬಸುರಾದರೆ ಹೆಸರು ಹೊಡೆದು ಹಾಕುತ್ತಾರೆ. ಮತ್ತೆ ಬರಬೇಕೆಂದರೆ ಮೊದಲನೇ ವರ್ಷದಿಂದ, ಅದೂ ಸೀಟು ಸಿಕ್ಕರೆ. ಹಾಗಾಗಿ ಬಸುರಾದವರು ಹೇಳುತ್ತಿರಲಿಲ್ಲ. ಅವರು ಹೇಳದೆ ಇದ್ದುದರಿಂದ, ಬಸುರಿಯರನ್ನು ನಾವು ಎಕ್ಸ್‌ರೇ ಕೋಣೆಗೆ ಎಂದೂ ಕಳಿಸಿಲ್ಲ ಎಂದು ಆಸ್ಪತ್ರೆ ಎದೆ ತಟ್ಟಿಕೊಂಡು ಹೇಳಬಹುದಿತ್ತು.

ಕೊನೆಯ ವರ್ಷದ ತರಗತಿಯಲ್ಲಿ ಮದುವೆಯಾದವರು ಇಬ್ಬರಿದ್ದರು. ಒಬ್ಬಳ ಹೊಟ್ಟೆ ಬೇಗ ಕಾಣಿಸಿಕೊಂಡಿತು. ಅವಳು ಒಂದು ಮಧ್ಯಾಹ್ನ ಪೆಟ್ಟಿಗೆ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಉಳಿದವಳು ಒಬ್ಬಳೇ. ಅವಳನ್ನು ಎಲ್ಲರೂ ಅತ್ತಿಗೆ ಎಂದು ಕರೆಯುತ್ತಿದ್ದರು.

ಅತ್ತಿಗೆ ಇಲ್ಲಿಗೆ ಬರುವ ಮೊದಲು ಬೇರೊಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ನೆಲ ಒರೆಸಿದ್ದಳು. ಬೆಡ್‌ಪ್ಯಾನ್ ತೊಳೆದಿದ್ದಳು. ಸತ್ತವರ ದವಡೆಗೆ ಬಟ್ಟೆ ಕಟ್ಟಿದ್ದಳು. ಅಲ್ಲಿನ ನರ್ಸುಗಳು ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಕೇಳಿ ಕೇಳಿಯೇ ಅವಳಿಗೆ ಓದುವ ಹಟ ಹತ್ತಿತು. ದುಡಿದು ಬಂದು ಓದಿದಳು, ಅಡುಗೆ ಮಾಡುತ್ತ ಓದಿದಳು, ಸೀಟು ಗಿಟ್ಟಿಸಿಕೊಂಡಳು.

ಬಿಳಿ ಯೂನಿಫಾರಂ ಹಾಕಿಕೊಂಡು ವಾರ್ಡಿಗೆ ಬಂದ ಮೊದಲ ವಾರವೇ ಇನ್‌ಚಾರ್ಜ್ ಸಿಸ್ಟರ್‌ಗೆ ಅವಳ ಹಳೇ ಕೆಲಸ ಗೊತ್ತಾಯಿತು.

"ಬೆಡ್‌ಪ್ಯಾನಿಗೆ ಅತ್ತಿಗೇನ ಕರೀರಿ. ಅವಳಿಗೆ ಕೈ ಪಳಗಿದೆ."

ಬೇರೆ ಹುಡುಗಿಯರು ಸೂಜಿ ಹಾಕಲು ಕಲಿತರು. ಅತ್ತಿಗೆ ಮಲ ಎತ್ತಿದಳು. ಬೇರೆಯವರು ಡಾಕ್ಟರ ಹಿಂದೆ ರೌಂಡಿಗೆ ಹೋದರು. ಅತ್ತಿಗೆ ಭಾರದ ರೋಗಿಗಳನ್ನು ಎಡಕ್ಕೆ ಬಲಕ್ಕೆ ಮಗುಚಿ ಬೆನ್ನಿನ ಹುಣ್ಣು ತೊಳೆದಳು. ಆಯಾ ಕೆಲಸ ಬಿಟ್ಟು ಬಂದವಳಿಂದ ಆಯಾ ಕೆಲಸವನ್ನೇ ಮಾಡಿಸಿದರು. ಅಲ್ಲಿ ಸಂಬಳವಾದರೂ ಕೊಡುತ್ತಿದ್ದರು.

ಅವಳು ಹಲ್ಲು ಕಚ್ಚಿಕೊಂಡು ಇದ್ದಳು. ಕೊನೆಯ ಪರೀಕ್ಷೆ ಮುಗಿದರೆ ಯಾರೂ ಏನೂ ಕಿತ್ತುಕೊಳ್ಳುವಂತಿಲ್ಲ.

ಮನೆ ಬೀದಿಯ ತುದಿಯಲ್ಲಿತ್ತು. ಬಾಗಿಲಲ್ಲೇ ಅತ್ತೆಯ ಇಸ್ತ್ರಿ ಮೇಜು. ಅತ್ತೆ ಇಡೀ ದಿನ ನಿಂತು ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳು. ಗಂಡ ಪೇಟೆಯ ಟೈಲರ್ ಅಂಗಡಿಯಲ್ಲಿ ಹೊಲಿಯುವವನು. ಸೊಸೆ ಓದುತ್ತೇನೆ ಎಂದಾಗ ಅತ್ತೆ ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ತೀರ್ಪು ಕೊಟ್ಟಿದ್ದಳು.

"ಓದು. ಬೇಡ ಅನ್ನೋಕೆ ನಾನೇನು ರಾಕ್ಷಸಿಯಲ್ಲ. ಆದ್ರೆ ಓದು ಓದು ಅಂತ ವರ್ಷ ತಳ್ಳಿದ್ರೆ ಸುಮ್ನಿರಲ್ಲ. ನನ್ನ ಮೊಣಕಾಲು ಗಟ್ಟಿ ಇರೋವಾಗ ಒಂದು ಮಗು ಕೈಗೆ ಹಾಕು. ಆಮೇಲೆ ನೀನು ನರ್ಸಾಗು, ಡಾಕ್ಟ್ರಾಗು, ರಾಣಿಯಾಗು, ನಂಗೇನು?"

ಶಾಲೆಯಲ್ಲಿ ಬಸುರಾಗಬೇಡ ಎಂದರು. ಮನೆಯಲ್ಲಿ ಬಸುರಾಗು ಎಂದರು. ಎರಡು ಕಡೆಗೂ ಅವಳು ತಲೆಯಾಡಿಸಿದ್ದಳು. ತಲೆಯಾಡಿಸದಿದ್ದರೆ ಎರಡು ಬಾಗಿಲಲ್ಲಿ ಒಂದು ಮುಚ್ಚುತ್ತಿತ್ತು.

ಒಂದು ಬೆಳಿಗ್ಗೆ ವಾರ್ಡಿನ ಫಿನಾಯಿಲ್ ವಾಸನೆಗೆ ಅವಳ ಹೊಟ್ಟೆ ತೊಳಸಿತು. ವರ್ಷಗಟ್ಟಲೆ ಅದೇ ವಾಸನೆಯಲ್ಲಿ ಉಸಿರಾಡಿದವಳು. ಆಗಲೇ ಗೊತ್ತಾಯಿತು. ಔಷಧಿ ಅಂಗಡಿಯಿಂದ ಬಸುರು ಪರೀಕ್ಷೆಯ ಪಟ್ಟಿ ತಂದು ಬಚ್ಚಲಲ್ಲಿ ನೋಡಿದಳು. ಎರಡು ಗೆರೆ.

ಖುಷಿ ಬರಲಿಲ್ಲ. ಮೊದಲು ನೆನಪಾದದ್ದು ಕೆಮ್ಮಿನ ಆ ಮಗು, ಸೊಂಟ ಮುರಿದುಕೊಂಡ ಆ ಮುದುಕ, ತಿಕ್ಕಲು ತಿಕ್ಕಲಾಗಿ ಒದೆಯುತ್ತಿದ್ದ ಆ ಹೆಂಗಸು. ಎಲ್ಲರನ್ನೂ ಯಂತ್ರದ ಕೆಳಗೆ ಹಿಡಿದವಳು ಅವಳೇ. ಎದೆಗೆ ಏನೂ ಇಲ್ಲ, ಹೊಟ್ಟೆಗೆ ಏನೂ ಇಲ್ಲ, ಬರೀ ಬಟ್ಟೆ. ಆಗಲೇ ಒಳಗೆ ಇತ್ತೇ? ಯಾರನ್ನು ಕೇಳುವುದು? ಅವಳಿಗೆ ಈಗ ಸಿಗುವ ಡಾಕ್ಟರುಗಳೆಲ್ಲ ಆ ಆಸ್ಪತ್ರೆಯವರೇ. ಬಾಯಿ ತೆರೆದರೆ ಹೆಸರು ಹೋಗುತ್ತದೆ. ಅವಳು ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಬಿಸಾಕಿ, ಮುಖ ತೊಳೆದುಕೊಂಡು ಹೊರಗೆ ಬಂದಳು.

ಸುದ್ದಿ ಕೇಳಿದ ಅತ್ತೆ ಇಸ್ತ್ರಿ ಮೇಜಿನ ಮುಂದೆ ಕುಣಿಯುವುದೊಂದು ಬಾಕಿ.

"ಅತ್ತೆ, ಪರೀಕ್ಷೆ ಮುಗಿಯೋ ತನಕ ಯಾರ ಹತ್ರಾನೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಇಷ್ಟು ದೊಡ್ಡ ಸುದ್ದೀನ ಒಳಗಿಟ್ಕೊಂಡ್ರೆ ನಿನಗಿಂತ ಮುಂಚೆ ನನ್ನ ಹೊಟ್ಟೆ ಉಬ್ಬುತ್ತೆ ಕಣೇ!"

ಗಂಡ ಯೂನಿಫಾರಮ್ಮಿನ ಪಕ್ಕದ ಹೊಲಿಗೆ ಬಿಚ್ಚಲು ಕೂತ. ಒಳಗೆ ಮಡಚಿದ ಬಟ್ಟೆ ಬೇಕಾದಷ್ಟಿತ್ತು.

"ಇಷ್ಟು ಬಟ್ಟೆ ಒಳಗೆ ಯಾಕೆ ಬಿಟ್ಟಿದ್ರಿ?"

"ಅಮ್ಮ ಹೇಳಿದ್ಲು. ಹೊಲಿಯೋವಾಗ್ಲೇ ಬಿಟ್ಟಿರು, ಮುಂದೆ ಬೇಕಾಗುತ್ತೆ ಅಂತ."

ಅವನು ನಕ್ಕ. ಅವಳೂ ನಕ್ಕಳು. ನಕ್ಕ ಮೇಲೆ ಅವಳ ಕೈ ಆ ಮಡಿಕೆಯ ಮೇಲೆಯೇ ನಿಂತಿತು. ಹಾಕಿಕೊಂಡ ಮೊದಲ ದಿನದಿಂದಲೇ ಆ ಬಟ್ಟೆ ತನ್ನೊಬ್ಬಳದಾಗಿರಲಿಲ್ಲ.

ಎಕ್ಸ್‌ರೇ ಕೋಣೆಯಿಂದ ತಪ್ಪಿಸಿಕೊಳ್ಳಲು ಅವಳಿಗೆ ಇದ್ದದ್ದು ಒಂದೇ ದಾರಿ. ತರಗತಿಯಲ್ಲಿ ಕೊಕ್ಕರೆ ಎಂದು ಕರೆಸಿಕೊಳ್ಳುವ ಹುಡುಗಿ ಇದ್ದಳು. ಉದ್ದ ಕಾಲು, ಉದ್ದ ಕತ್ತು, ಅದಕ್ಕಿಂತ ಉದ್ದ ನಾಲಿಗೆ. ಅತ್ತಿಗೆಯನ್ನು ಕಂಡರೆ ಪ್ರಾಣ.

"ಈ ಸಲ ಎಕ್ಸ್‌ರೇಗೆ ನೀನು ಹೋಗ್ತೀಯಾ?"

"ಹೋಗ್ತೀನಿ. ಯಾಕೆ ಅಂತ ಕೇಳಲ್ಲ." ಸ್ವಲ್ಪ ಹೊತ್ತು ಬಿಟ್ಟು ಕಿವಿಯ ಹತ್ತಿರ ಬಂದಳು. "ಹುಡುಗಾನೋ ಹುಡುಗೀನೋ?"

"ಬಾಯಿ ಮುಚ್ಚೇ, ಕೊಕ್ಕರೆ."

"ಮುಚ್ಚಿದೆ. ಹೆಸರು ಮಾತ್ರ ನಾನೇ ಇಡೋದು."

ಕೊಕ್ಕರೆ ಹೋದಳು. ಇನ್ನೊಂದು ಸಲವೂ ಹೋದಳು. ಅತ್ತಿಗೆ ವಾರ್ಡಿನಲ್ಲಿ ಹಾಸಿಗೆ ಬಟ್ಟೆ ಬದಲಿಸುತ್ತ ಬಾಗಿಲ ಕಡೆ ನೋಡುತ್ತಿದ್ದಳು. ಕೊಕ್ಕರೆ ಹಲ್ಲು ಕಿರಿಯುತ್ತ ವಾಪಸು ಬರುತ್ತಿದ್ದಳು. ಆ ನಗು ಅತ್ತಿಗೆಗೆ ಮುಳ್ಳಾಯಿತು. ಅಂದು ರಂಪ ಮಾಡಿದ ತಾಯಿ ಮಾಡಿದ್ದೂ ಇದೇ. ತನ್ನ ಮಗಳಿಗೆ ಬೇಡವಾದದ್ದನ್ನು ಇನ್ನೊಬ್ಬರ ಮಗಳ ಮೈಗೆ ದಾಟಿಸಿದಳು. ತಾನೂ ದಾಟಿಸುತ್ತಿದ್ದೇನೆ.

ಮೂರನೇ ಸಲ ಇನ್‌ಚಾರ್ಜ್ ಸಿಸ್ಟರ್ ಮೆಟ್ಟಿಲಲ್ಲೇ ಕೊಕ್ಕರೆಯನ್ನು ಹಿಡಿದರು.

"ನಿನಗೆ ಮದುವೆ ಆಗಿದೆಯಾ?"

"ಇಲ್ಲ ಸಿಸ್ಟರ್. ಎಲ್ಲಾದ್ರೂ ಗಂಡು ಇದ್ರೆ ಹೇಳಿ."

"ನಿಮ್ಮಮ್ಮ ಬಂದು ನನ್ನ ಜುಟ್ಟು ಹಿಡೀಲಿ ಅಂತಲಾ? ಎಲ್ಲಿ ಆ ಅತ್ತಿಗೆ? ಆಯಾ ಬುದ್ಧಿ ಎಲ್ಲಿ ಹೋಗುತ್ತೆ? ಕೆಲಸ ಕಂಡ್ರೆ ಮೈಗಳ್ಳತನ."

ಸಿಸ್ಟರ್ ವಾರ್ಡಿಗೆ ಬಂದು ಅತ್ತಿಗೆಯ ಮೊಣಕೈ ಹಿಡಿದರು. ಕಳ್ಳಿಯನ್ನು ಕರೆದುಕೊಂಡು ಹೋಗುವ ಹಾಗೆ ಮೆಟ್ಟಿಲಿಳಿಸಿದರು.

ಎಕ್ಸ್‌ರೇ ಕೋಣೆ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿತ್ತು. ಬಾಗಿಲ ಮೇಲೆ ಕೆಂಪು ಅಕ್ಷರದ ಬೋರ್ಡು: ನೀವು ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಹೊರಗಿನ ಬೆಂಚಿನಲ್ಲಿ ಕೈ ಊದಿಕೊಂಡ ಒಂದು ಹೆಣ್ಣುಮಗು ಚೀರುತ್ತಿತ್ತು. ಮಂಚದಿಂದ ಬಿದ್ದಿತ್ತಂತೆ. ಪಕ್ಕದಲ್ಲಿ ಅದರ ತಾಯಿ, ತುಂಬಿದ ಬಸುರಿ. ಅವಳ ಪಕ್ಕದಲ್ಲಿ ಅಜ್ಜಿ, ಮಗುವಿನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

ತಾಯಿ ಮಗುವನ್ನೆತ್ತಿಕೊಂಡು ಒಳಗೆ ಹೊರಟಳು. ಸಿಸ್ಟರ್ ತಡೆದರು. ಆ ದನಿ ಅಷ್ಟು ಮೃದುವಾಗಬಲ್ಲದು ಎಂದು ಅತ್ತಿಗೆಗೆ ಗೊತ್ತಿರಲಿಲ್ಲ.

"ಬೇಡಮ್ಮ, ನೀವು ಒಳಗೆ ಬರಬಾರದು. ಬೋರ್ಡು ನೋಡಿ. ಹೊಟ್ಟೇಲಿರೋ ಮಗೂಗೆ ಒಳ್ಳೇದಲ್ಲ. ದೂರ ಕೂತ್ಕೊಳ್ಳಿ."

"ಮತ್ತೆ ನನ್ನ ಮಗೂನ ಯಾರು ಹಿಡ್ಕೋತಾರೆ?"

"ಇವಳಿದ್ದಾಳಲ್ಲ."

ಇವಳಿದ್ದಾಳಲ್ಲ. ಸ್ಟೂಲು ಇದೆಯಲ್ಲ, ಬಕೀಟು ಇದೆಯಲ್ಲ ಎನ್ನುವ ಹಾಗೆ.

ಅತ್ತಿಗೆ ಬಾಗಿಲಲ್ಲಿ ನಿಂತಳು. ಒಳಗಿಂದ ತಣ್ಣನೆ ಗಾಳಿ ಬಂತು.

"ಏಪ್ರನ್ ಕೊಡಿ," ಎಂದಳು.

ಎಕ್ಸ್‌ರೇಯವನು ಒಳಗಿಂದಲೇ ಕೂಗಿದ. "ಅದು ಆಪರೇಷನ್ ಕೋಣೇಲಿದೆ. ಮೂಳೆ ಡಾಕ್ಟ್ರು ಹಾಕ್ಕೋತಾರೆ. ಒಂದು ಕ್ಷಣದ ಕೆಲಸಕ್ಕೆ ಇವಳಿಗೆ ಅಲಂಕಾರ ಬೇಕಂತೆ!"

"ತರಿಸಿ. ಇಲ್ಲಾಂದ್ರೆ ಹಿಡಿಯಲ್ಲ."

"ಏನಂದೆ?" ಎಂದರು ಸಿಸ್ಟರ್.

"ಹಿಡಿಯಲ್ಲ ಅಂದೆ."

ಮಗು ಅಳುತ್ತಲೇ ಇತ್ತು. ಅತ್ತಿಗೆಗೆ ಅದರ ಊದಿದ ಕೈ ಕಾಣಿಸುತ್ತಿತ್ತು. ಆ ಮಗುವಿನ ತಪ್ಪೇನೂ ಇಲ್ಲ. ಓಡಿಹೋಗಿ ಎತ್ತಿಕೊಳ್ಳಬೇಕು ಎಂದು ಕೈ ತುಡಿಯಿತು. ಕೈಯನ್ನು ಹಿಂದೆ ಕಟ್ಟಿಕೊಂಡಳು.

"ಇಷ್ಟು ದಿನ ಹಿಡಿದಿದ್ದೀಯಲ್ಲ. ಇವತ್ತೇನು ಬಂತು?"

"ನಾನೂ ಬಸುರಿ."

ಬೆಂಚಿನ ಮೇಲಿದ್ದ ತಾಯಿ ತಲೆ ಎತ್ತಿದಳು. ಸಿಸ್ಟರ್ ಅತ್ತಿಗೆಯ ಹೊಟ್ಟೆ ನೋಡಿದರು, ಆಮೇಲೆ ಬಿಚ್ಚಿ ಹೊಲಿದ ಯೂನಿಫಾರಮ್ಮಿನ ಪಕ್ಕ ನೋಡಿದರು. ಅವಳನ್ನು ಗೋಡೆಯ ಕಡೆಗೆ ಎಳೆದರು. ದನಿ ಇಳಿಸಿದರು.

"ನೀನು ಹೇಳಲಿಲ್ಲ. ನಾನು ಕೇಳಲಿಲ್ಲ. ಪರೀಕ್ಷೆಗೆ ಇನ್ನೆಷ್ಟು ದಿನ ಉಳಿದಿದೆ? ಸುಮ್ನೆ ಒಳಗೆ ಹೋಗಿ ಇದೊಂದು ಸಲ ಹಿಡಿ. ಮಾತು ಇಲ್ಲಿಗೇ ಮುಗೀಲಿ. ನಾಳೆಯಿಂದ ನಿನ್ನನ್ನ ಲಿನನ್ ಕೋಣೆಗೆ ಹಾಕ್ತೀನಿ, ಬಟ್ಟೆ ಮಡಚಿಕೊಂಡಿರು. ಪರೀಕ್ಷೆ ಬರಿ. ಹೋಗು. ನಾನೂ ಹೆಣ್ಣೇ."

ಇದೊಂದು ಸಲ. ಒಳಗೆ ಹೋದರೆ ಓದು ಉಳಿಯುತ್ತದೆ. ಚಪ್ಪಾಳೆಯ ಕಾಲ ಮತ್ತೆ ಬರುವುದಿಲ್ಲ. ಹೋಗದಿದ್ದರೆ ಇಷ್ಟು ವರ್ಷದ ದುಡಿಮೆ ಈ ಮೆಟ್ಟಿಲ ಕೆಳಗೇ ಸಾಯುತ್ತದೆ. ಅವಳ ಕಾಲು ಒಂದು ಹೆಜ್ಜೆ ಎತ್ತಿತು ಕೂಡ. ಎತ್ತಿದ ಕಾಲನ್ನು ಅವಳು ಅಲ್ಲೇ ಇಟ್ಟಳು.

"ಇಲ್ಲ ಸಿಸ್ಟರ್."

"ನಾನೂ ಓದೋವಾಗ ಹಿಡಿದಿದ್ದೀನಿ. ನಂಗೆ ಇಬ್ಬರು ಮಕ್ಕಳು, ಕಲ್ಲುಗುಂಡಿನ ಹಾಗಿದ್ದಾರೆ. ಏನಾಗಿದೆ?"

"ಅದು ನಿಮ್ಮ ಅದೃಷ್ಟ. ನನ್ನ ಹೊಟ್ಟೇಲಿ ಅದೃಷ್ಟ ಪರೀಕ್ಷೆ ಮಾಡೋಕೆ ನಿಮಗೆ ಯಾರು ಅಧಿಕಾರ ಕೊಟ್ರು?"

ಅಷ್ಟರಲ್ಲಿ ಬೆಂಚಿನಿಂದ ಅಜ್ಜಿ ಎದ್ದಳು. ಚಪ್ಪಲಿಯನ್ನು ಸೊಸೆಯ ಮಡಿಲಿಗೆ ಹಾಕಿದಳು.

"ನೀವು ಜಗಳ ಆಡ್ಕೊಂಡಿರಿ, ಮಗು ಅತ್ತು ಅತ್ತು ಸಾಯಲಿ. ಕೊಡಿಲ್ಲಿ, ನಾನು ಹಿಡೀತೀನಿ. ನಾನೇನು ಇನ್ನು ಹೆರಬೇಕಾ?"

ಅಜ್ಜಿ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಏನೋ ಗುರ್ ಎಂದಿತು. ಬಾಗಿಲು ತೆರೆಯಿತು. ಅಷ್ಟೇ ಕೆಲಸ. ಇಷ್ಟು ವರ್ಷ ಯಾವ ಅಜ್ಜಿಯನ್ನೂ ಯಾರೂ ಕೇಳಿರಲಿಲ್ಲ. ಮನೆಯವರಾದರೆ ಹೇಳಿ ತಿಳಿಸಬೇಕು, ಹೊತ್ತು ಹಿಡಿಯುತ್ತದೆ. ವಿದ್ಯಾರ್ಥಿನಿಯಾದರೆ ಚಿಟಿಕೆ ಹೊಡೆದರೆ ಸಾಕು.

ಅತ್ತಿಗೆಯನ್ನು ಅಲ್ಲಿಂದಲೇ ಪ್ರಿನ್ಸಿಪಾಲ್ ಮೇಡಂ ಕೋಣೆಗೆ ಕರೆದೊಯ್ದರು. ಮೇಡಂ ಕೂತುಕೋ ಎನ್ನಲಿಲ್ಲ.

"ಬಸುರಿಯರನ್ನ ನಾವು ಎಕ್ಸ್‌ರೇಗೆ ಕಳಿಸೋದೇ ಇಲ್ಲ. ಮುಚ್ಚಿಟ್ಟಿದ್ದು ನೀನು. ನಿನ್ನ ಮಗೂಗೆ ಏನಾದ್ರೂ ಆದ್ರೆ ಅದಕ್ಕೆ ನೀನೇ ಹೊಣೆ."

"ಹೇಳಿದ್ರೆ ಹೆಸರು ಹೊಡೀತೀರಿ. ಹೇಳದೆ ಇದ್ರೆ ಹೊಣೆ ನಂದು ಅಂತೀರಿ. ನಾನು ಏನು ಮಾಡ್ಬೇಕಿತ್ತು ಮೇಡಂ?"

"ಓದೋ ವಯಸ್ಸಲ್ಲಿ ಓದ್ಬೇಕಿತ್ತು. ಬಸುರಾಗೋ ಆತುರ ಯಾಕೆ?"

"ಓದೋ ವಯಸ್ಸಲ್ಲಿ ನಾನು ನೆಲ ಒರೆಸ್ತಿದ್ದೆ."

ಮೇಡಂ ಬಿಳಿ ಹಾಳೆ ಮುಂದೆ ತಳ್ಳಿದರು. "ಮನೆಯ ತೊಂದರೆಯಿಂದ ನಾನೇ ಬಿಡ್ತಾ ಇದ್ದೀನಿ ಅಂತ ಬರೆದುಕೊಡು. ಮರ್ಯಾದೆಯಿಂದ ಹೋಗು."

"ನಾನು ಬಿಡ್ತಾ ಇಲ್ಲ. ಹೊರಗೆ ಹಾಕೋದಾದ್ರೆ ನೀವೇ ಹಾಕಿ. ಯಾಕೆ ಹಾಕಿದ್ವಿ ಅಂತ ನೀವೇ ಬರೀರಿ. ಎಕ್ಸ್‌ರೇ ವಿಷಯಾನೂ ಸೇರಿಸಿ ಬರೀರಿ."

ಮೇಡಂ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. "ನಾಳೆಯಿಂದ ವಾರ್ಡಿಗೆ ಬರಬೇಡ."

"ಬರ್ತೀನಿ," ಎಂದಳು ಅತ್ತಿಗೆ.

ಹೊರಗೆ ಬಂದು ಅವಳು ಮನೆಯ ದಾರಿ ಹಿಡಿದಳು.

ಸಂಜೆ ಅತ್ತೆ ಸುದ್ದಿ ಕೇಳಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. ಅತ್ತಿಗೆ ಬೈಗುಳಕ್ಕೆ ಸಿದ್ಧವಾಗಿದ್ದಳು. ಬೈಗುಳ ಬರಲಿಲ್ಲ. ಅತ್ತೆಯ ಮುಖ ಅರಳಿತು.

"ಒಳ್ಳೇದೇ ಆಯ್ತು ಬಿಡು! ಪೀಡೆ ತೊಲಗಿತು. ಇನ್ನು ಮನೇಲಿ ಕಾಲು ಚಾಚಿಕೊಂಡು ಮಲಗು. ಬಟ್ಟೆ ಮಡಚೋದಕ್ಕೆ ನಂಗೂ ಒಂದು ಕೈ ಸಿಕ್ಕ ಹಾಗಾಯ್ತು. ಬೀದೀಲಿ ಇವತ್ತೇ ಹೇಳ್ತೀನಿ, ಇನ್ನು ನನ್ನ ಬಾಯಿಗೆ ಬೀಗ ಬೇಡ!"

ಅತ್ತಿಗೆ ಗಂಡನ ಕಡೆ ನೋಡಿದಳು. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ. ಪೋಣಿಸುತ್ತಲೇ ಇದ್ದ.

"ಏನಾದ್ರೂ ಹೇಳಿ."

"ಏನು ಹೇಳ್ಲಿ? ಅಮ್ಮ ಹೇಳೋದ್ರಲ್ಲೂ ತಪ್ಪಿಲ್ಲ. ಮಗು ಆದ್ಮೇಲೆ ನೋಡಿದ್ರಾಯ್ತು."

ಆದ ಮೇಲೆ. ಮಗು ಆದ ಮೇಲೆ ಹಾಲು, ಹಾಲಾದ ಮೇಲೆ ಜ್ವರ, ಜ್ವರವಾದ ಮೇಲೆ ಶಾಲೆ, ಅದಾದ ಮೇಲೆ ಇನ್ನೊಂದು ಮಗು. ಅವಳಿಗೆ ಎಲ್ಲ ಕಾಣಿಸಿತು, ಇಸ್ತ್ರಿ ಮಾಡಿ ಒಂದರ ಮೇಲೊಂದು ಇಟ್ಟ ಬಟ್ಟೆಯ ಹಾಗೆ. ಅಲ್ಲಿಂದ ನೂಕಿದವರು ಕೋಪದಿಂದ ನೂಕಿದ್ದರು. ಇಲ್ಲಿ ಪ್ರೀತಿಯಿಂದ ಬಾಗಿಲು ಹಾಕುತ್ತಿದ್ದರು.

ಬೆಳಿಗ್ಗೆ ಅವಳು ಯೂನಿಫಾರಂ ಹಾಕಿಕೊಂಡಳು.

"ಎಲ್ಲಿಗೆ?" ಎಂದಳು ಅತ್ತೆ.

"ಡ್ಯೂಟಿಗೆ."

"ನಿನ್ನನ್ನ ತೆಗೆದುಹಾಕಿದ್ದಾರಲ್ಲೇ!"

"ಅವರು ತೆಗೆದ್ರು. ನಾನು ಬಿಟ್ಟಿಲ್ಲ."

"ಹಟಮಾರಿ. ಹೊಟ್ಟೇಲಿರೋದಕ್ಕೂ ಇದೇ ಬುದ್ಧಿ ಬಂದ್ರೆ ಸಾಕೋಳು ನಾನು!"

ವಾರ್ಡಿನಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಅತ್ತಿಗೆ ತನ್ನ ಜಾಗದಲ್ಲಿ ಹೋಗಿ ನಿಂತಳು. ಇನ್‌ಚಾರ್ಜ್ ಸಿಸ್ಟರ್ ಒಬ್ಬೊಬ್ಬರಿಗೂ ಕೆಲಸ ಹಂಚಿದರು. ಅತ್ತಿಗೆ ನಿಂತ ಕಡೆ ಬರೀ ಗೋಡೆ ಇದೆ ಎನ್ನುವ ಹಾಗೆ ಅವಳನ್ನು ದಾಟಿ ಮುಂದಿನವಳಿಗೆ ಹೋದರು.

ಸಾಲು ಚದುರಿತು. ಅತ್ತಿಗೆ ನಿಂತಿದ್ದಳು. ಮೂಲೆಯ ಮಂಚದ ರೋಗಿಯನ್ನು ಮಗುಚಲು ಕೈ ಚಾಚಿದಳು.

"ಮುಟ್ಟಬೇಡ," ಎಂದರು ಸಿಸ್ಟರ್. "ನೀನು ಇಲ್ಲಿಯವಳಲ್ಲ. ಇಲ್ಲಿ ನಿಂತ್ಕೋಬೇಡ, ಹೋಗು."

ಕೈ ಹಿಂದೆ ತೆಗೆದುಕೊಂಡಳು. ಹೋಗಲಿಲ್ಲ. ಮಂಚದ ಕಾಲ ಹತ್ತಿರ ನಿಂತಳು. ಹೊತ್ತು ಏರಿದಂತೆ ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸಕ್ಕೆ ಇಳಿಯಿತು. ಮಂಚದ ಮೇಲಿದ್ದ ಮುದುಕಿ ಕಣ್ಣು ಬಿಟ್ಟು ನೋಡಿದಳು.

"ಕೂತ್ಕೋಬಾರದೇನೇ ಮಗಳೇ? ಮಂಚದ ತುದೀಲಿ ಜಾಗ ಇದೆ."

"ಕೂತ್ರೆ ರೋಗಿ ಅಂತಾರೆ ಅಜ್ಜಿ. ನಿಂತಿದ್ರೆ ನರ್ಸು."

ಮಧ್ಯಾಹ್ನದ ಹೊತ್ತಿಗೆ ಎಕ್ಸ್‌ರೇಯವನು ಬಾಗಿಲಲ್ಲಿ ತಲೆ ಹಾಕಿದ.

"ಸಿಸ್ಟರ್, ಹಿಡಿಯೋಕೆ ಒಬ್ಬರು ಬೇಕು. ಮುದುಕಪ್ಪ, ಒಂಟಿ, ಜೊತೇಲಿ ಯಾರೂ ಬಂದಿಲ್ಲ."

ಸಿಸ್ಟರ್ ವಾರ್ಡಿನ ಸುತ್ತ ಕಣ್ಣು ಹಾಯಿಸಿದರು. ಅತ್ತಿಗೆಯನ್ನು ಬಿಟ್ಟರೆ ಅಲ್ಲಿದ್ದ ವಿದ್ಯಾರ್ಥಿನಿಯರೆಲ್ಲ ಮದುವೆಯಾಗದವರು. ಒಬ್ಬಳು ಜ್ವರ ನೋಡುವ ಕಡ್ಡಿಯನ್ನು ಬೆಳಕಿಗೆ ಹಿಡಿದಳು. ಇನ್ನೊಬ್ಬಳು ಹಾಸಿಗೆಯ ಸುಕ್ಕು ಬಿಡಿಸಿದಳು, ಬಿಡಿಸಿದ್ದನ್ನೇ ಬಿಡಿಸಿದಳು. ಸಿಸ್ಟರ್ ಕಣ್ಣು ಕೊಕ್ಕರೆಯ ಮೇಲೆ ನಿಂತಿತು.

"ನಿನ್ನೆ ತಾನೆ ಬೈದ್ರಿ ಸಿಸ್ಟರ್," ಎಂದಳು ಕೊಕ್ಕರೆ. "ಇವತ್ತು ಹೋದ್ರೆ ನಮ್ಮಮ್ಮ ಬರ್ತಾಳೆ. ಅವಳ ಬಾಯಿ ನೀವು ಇನ್ನೂ ಕೇಳಿಲ್ಲ."

ಯಾರೋ ಕಿಸಕ್ಕೆಂದರು. ಸಿಸ್ಟರ್ ನಗಲಿಲ್ಲ.

"ಮೈಗೆ ಹಾಕ್ಕೊಳ್ಳೋದು ಕೊಟ್ರೆ ಹೋಗ್ತೀನಿ," ಎಂದು ಕೊಕ್ಕರೆ ಮೆಲ್ಲಗೆ ಸೇರಿಸಿದಳು. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಪಕ್ಕದವಳು, "ಕೊಟ್ರೆ ನಾನೂ ಹೋಗ್ತೀನಿ," ಎಂದಳು. ಸುಕ್ಕು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

ಸಿಸ್ಟರ್ ಎಕ್ಸ್‌ರೇಯವನ ಕಡೆ ತಿರುಗಿದರು. "ಆ ಏಪ್ರನ್ ತಗೊಂಡು ಬಾ."

"ಮೂಳೆ ಡಾಕ್ಟ್ರು ಉಗೀತಾರೆ ಸಿಸ್ಟರ್."

"ಉಗಿಸ್ಕೋ. ತಗೊಂಡು ಬಾ."

ಅವನು ಗೊಣಗುತ್ತ ಹೋದ. ಕೊಕ್ಕರೆ ಹೋಗುವಾಗ ಅತ್ತಿಗೆಯ ಬೆನ್ನಿಗೆ ತನ್ನ ಭುಜ ತಾಗಿಸಿ ಹೋದಳು. ವಾರ್ಡು ಮತ್ತೆ ತನ್ನ ಕೆಲಸದಲ್ಲಿ ಮುಳುಗಿತು. ಬೆಡ್‌ಪ್ಯಾನ್ ಸದ್ದು, ಗಾಲಿಗಳ ಸದ್ದು. ಅತ್ತಿಗೆಗೆ ಮಾತ್ರ ಯಾರೂ ಕೆಲಸ ಕೊಡಲಿಲ್ಲ. ಅವಳ ಹೆಸರು ಹೋದದ್ದು ಹೋದದ್ದೇ. ಒಳಗಿನ ಮಗು ಹೇಗಿದೆಯೋ, ಅದನ್ನೂ ಯಾರೂ ಹೇಳುವಂತಿರಲಿಲ್ಲ.

ಸಂಜೆ ಡ್ಯೂಟಿ ಬದಲಾಗುವ ಹೊತ್ತಿಗೆ ಇನ್‌ಚಾರ್ಜ್ ಸಿಸ್ಟರ್ ಕೈಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಮಂಚದ ಹತ್ತಿರ ನಿಂತರು.

"ಇಲ್ಲಿ ನಿಂತ್ಕೋಬೇಡ ಅಂತ ಬೆಳಿಗ್ಗೆ ಹೇಳಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು ಸಿಸ್ಟರ್."

ಸಿಸ್ಟರ್ ಕೈಚೀಲ ಸರಿಪಡಿಸಿಕೊಂಡು ಹೊರಟುಹೋದರು. ಅತ್ತಿಗೆ ನಿಂತೇ ಇದ್ದಳು.